ರೇಸಿನ ಪೂಲು, ಕಾಫಿಯ ಪೂಲು

ಕುದುರೆ ಜೂಜಿಗೂ ಸಹಕಾರಕ್ಕೂ ಏನು ನಂಟು ಎಂದು ಸದಸ್ಯ ಬಾಂಧವರು ಕೇಳಬಹುದು. ಜೂಜನ್ನು ನಾವು ಹೊಗಳಹೊರಟಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನ್ಯೂಜಿಲೆಂಡಿನ ಕುಮಾರಾದಂಥ (ಹೆಸರು ನಮ್ಮದೆನಿಸಿದರೂ ಊರು ಅಲ್ಲಿಯದೇ) ಪುಟ್ಟ ಗಣಿ ಊರುಗಳು ರೇಸು ಏರ್ಪಡಿಸುತ್ತಿದ್ದ ಬಗೆಯಲ್ಲಿ ನಮಗೆ ಬೇಕಾದ ಲೆಕ್ಕವೊಂದಿದೆ.

ದಿನಾಂಕಕ್ಕೆ ಒಪ್ಪಿಗೆ ಪಡೆಯುವುದು, ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸಿ ಓಟ ಸರಿತೂಗಿಸುವುದು, ಹೀಗೆ ಕ್ಲಬ್ಬಿನ ಸಮಿತಿಗೆ ಕೆಲಸ ಬಹಳ. ದೊಡ್ಡ ಚಿಂತೆ ಮಾತ್ರ ಬಹುಮಾನದ ಹಣದ್ದು. ಬುಕ್ಕಿ ತಾನೇ ದರ ಕಟ್ಟಿ ಲಾಭ ಜೇಬಿಗಿಳಿಸುವವನು. 1910ರ ಕಾಯಿದೆ ಅವನನ್ನು ರೇಸಿನ ಅಂಗಳದಿಂದ ಹೊರಗಟ್ಟಿತು. ಉಳಿದದ್ದು ಟೋಟಲೈಸೇಟರ್. ಎಲ್ಲರ ಪಣವೂ ಒಂದೇ ರಾಶಿಗೆ. ರಾಶಿ 1000 ಎನ್ನಿ. ಕ್ಲಬ್ಬು, ಸರ್ಕಾರದ ಪಾಲು 100 ಕಳೆದು, ಗೆದ್ದ ಕುದುರೆಯ ಮೇಲೆ 90 ಚೀಟಿಗಳಿದ್ದರೆ ಚೀಟಿಗೆ 10. ಕ್ಲಬ್ಬಿನ ಪಾಲಿನಿಂದಲೇ ಬಹುಮಾನ, ಬೇಲಿ ರಿಪೇರಿ. 1913ರಲ್ಲಿ ಆಕ್ಲೆಂಡಿನ ಎಲರ್ಸ್ಲಿಗೆ ಜಾರ್ಜ್ ಜೂಲಿಯಸ್ ಅವರ ಯಂತ್ರ ಬಂತು. ಅದನ್ನು ಅವರು ಮೊದಲು ಹೂಡಿದ್ದು ಮತ ಎಣಿಸಲಿಕ್ಕಂತೆ! ಸಣ್ಣ ಊರುಗಳಲ್ಲಿ ಗುಮಾಸ್ತರೇ ಕೂಡಿ ಕಳೆಯುತ್ತಿದ್ದರು.

ನಮ್ಮ ಕಾಫಿಯೂ ದಶಕಗಳ ಕಾಲ ಮಂಡಳಿಯ ಪೂಲಿಗೇ ಹೋಗುತ್ತಿತ್ತು. 1990ರ ದಶಕದಲ್ಲಿ ಮಾರಾಟ ಮುಕ್ತವಾಯಿತು. ಪೂಲನ್ನು ನಾವು ಬೈದದ್ದು ರಾಶಿ ಹಾಕಿದ್ದಕ್ಕಲ್ಲ, ಕಂತುಗಳು ಎಳೆದಾಡಿದ್ದಕ್ಕೆ. ರೇಸಿನಲ್ಲಾದರೋ ಲೆಕ್ಕ ಹಲಗೆಯ ಮೇಲೆ, ಹಣ ಅಂದೇ ಕೈಗೆ. ಸಂಘಗಳು ಮತ್ತೆ ಒಟ್ಟು ಮಾರಾಟದ ಮಾತೆತ್ತುವುದಾದರೆ, ಕಡಿತವೆಷ್ಟು, ಪಾವತಿ ಯಾವ ದಿನ ಎಂಬುದನ್ನು ನಾವು ಮೂಟೆ ಇಳಿಸುವ ಮೊದಲೇ ಬರೆದು ಹಾಕಲಿ.