ವಿಟಮಿನ್ ಡಿ ಮಾತ್ರೆ ಹೊಟ್ಟೆಗೆ ಕಾವಲಲ್ಲ

ತೋಟದಲ್ಲಿ ದುಡಿಯುವ ನಮಗೆ ಬಿಸಿಲಿಗೇನು ಬರ ಎಂದು ಕೇಳಬಹುದು. ಬರ ಇದೆ. ಅಡಿಕೆ ತೋಟದೊಳಗೆ ಇಡೀ ದಿನ ನೆರಳು, ಜೂನ್ ಬಂತೆಂದರೆ ತಿಂಗಳುಗಟ್ಟಲೆ ಮೋಡ. ಬೀಡಿ ಕಟ್ಟುವ ಹೆಂಗಸರು ಜಗಲಿಯಿಂದ ಇಳಿಯುವುದೇ ಕಡಿಮೆ. ಆದ್ದರಿಂದ ನಮ್ಮ ಕಾಸರಗೋಡಿನಲ್ಲೂ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬಂದರೆ ಆಶ್ಚರ್ಯವಿಲ್ಲ. ಎಲುಬಿನ ಬಲಕ್ಕೆ ಅದು ಬೇಕೇ ಬೇಕು.

ಆದರೆ ಆದಿತ್ಯವಾರ ಬಲಿಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಇನ್ನೊಂದು ಮಾತು ಕೇಳುತ್ತಿದ್ದೇವೆ: ಈ ಮಾತ್ರೆ ನುಂಗಿದರೆ ಹೊಟ್ಟೆಯ ಕ್ಯಾನ್ಸರ್ ಬಾರದಂತೆ. ಇದನ್ನು ನಾವು ಒಪ್ಪುವುದಿಲ್ಲ. ಹೊಟ್ಟೆಯ ಕ್ಯಾನ್ಸರ್ ಇದ್ದವರಲ್ಲಿ ವಿಟಮಿನ್ ಡಿ ಕಡಿಮೆ ಇರುವುದನ್ನು ಕೆಲವು ಅಧ್ಯಯನಗಳು ಕಂಡದ್ದು ನಿಜ. ಆದರೆ ರೋಗಿಗೆ ಊಟ ಸೇರುವುದಿಲ್ಲ, ಹೊರಗೆ ಹೋಗಲು ತ್ರಾಣವಿಲ್ಲ. ಬುಡ ಕೊಳೆತ ಮೆಣಸಿನ ಬಳ್ಳಿಯ ಎಲೆ ಹಳದಿಯಾಗುತ್ತದೆ. ಎಲೆ ಹಳದಿಯಾದದ್ದರಿಂದ ಬುಡ ಕೊಳೆಯಿತೆಂದು ಯಾವ ರೈತ ಹೇಳುತ್ತಾನೆ? ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 2,000 ಯೂನಿಟ್ ಸೇವಿಸಿದವರಿಗೆ ಕ್ಯಾನ್ಸರ್ ಬರುವುದೇನೂ ಕಡಿಮೆಯಾಗಲಿಲ್ಲ.

ಹೊಟ್ಟೆಯ ಕ್ಯಾನ್ಸರಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. ರೋಗಾಣು ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಪತ್ತೆಯಾದರೆ ಔಷಧದಿಂದ ಅದನ್ನು ಹೋಗಲಾಡಿಸಬಹುದು. ಜೊತೆಗೆ ಹೊಗೆಸೊಪ್ಪು, ಅತಿಯಾದ ಉಪ್ಪು. ಮಳೆಗಾಲದ ಗಂಜಿಗೆ ಒಣಮೀನು, ಉಪ್ಪಿನಕಾಯಿ, ಉಪ್ಪಿನ ಸೊಳೆಯ ಪಲ್ಯ ನಮಗೂ ಪ್ರಿಯವೇ. ಬಿಡಿ ಎನ್ನುವುದಿಲ್ಲ, ದಿನವೂ ಬೇಡ ಎನ್ನುತ್ತೇವೆ. ಸೊಳೆಯನ್ನು ಚೆನ್ನಾಗಿ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿರಿ.

ವೈದ್ಯರು ವಿಟಮಿನ್ ಡಿ ಕೊಟ್ಟಿದ್ದರೆ ಹೇಳಿದಷ್ಟೇ ತೆಗೆದುಕೊಳ್ಳಿ. ವಾರಕ್ಕೊಂದರಂತೆ ಕೊಟ್ಟ 60,000 ಯೂನಿಟ್ ಮಾತ್ರೆಯನ್ನು ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕೇಡು.

ನಮ್ಮ ಚಿಂತೆ ಬೇರೆಯೇ. ಮಾತ್ರೆಯ ಧೈರ್ಯದಲ್ಲಿ, ಹೊಟ್ಟೆಯುರಿಗೆ ಗ್ಯಾಸಿನ ಗುಳಿಗೆ ನುಂಗುತ್ತಾ, ಅಡಿಕೆ ಕೊಯ್ಲು ಮುಗಿಯಲಿ ಎಂದು ತಿಂಗಳುಗಳನ್ನು ದೂಡುವವರು ನಮ್ಮಲ್ಲಿದ್ದಾರೆ. ಮೈ ಇಳಿಯುತ್ತಿದ್ದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದರೆ, ನುಂಗಲು ಕಷ್ಟವಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಕೊಯ್ಲನ್ನು ನೆರೆಯವರಿಗೆ ಒಪ್ಪಿಸಿ ಅದೇ ವಾರ ವೈದ್ಯರ ಬಳಿಗೆ ಹೋಗಿ, ಎಂಡೋಸ್ಕೊಪಿ ಬೇಕೇ ಎಂದು ಕೇಳಿರಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಅದನ್ನು ಸೇವಿಸುತ್ತಿದ್ದರೆ ಮರೆಯದೆ ಹೇಳಿರಿ.