ನಾಲ್ಕೇ ಟರ್ಮ್ ಯಾಕೆ ಸಾರ್?

ಕೆಲವು ವರ್ಷ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಗಣಿತ ಪಾಠ ಮಾಡಿದವನು ನಾನು. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಸೈನ್ ಫಂಕ್ಷನ್ನಿನ ಪವರ್ ಸೀರೀಸ್ ಬರೆಯುತ್ತಿದ್ದೆ. ಎಕ್ಸ್, ಅದರಲ್ಲಿ ಎಕ್ಸ್ ಘನವನ್ನು 6ರಿಂದ ಭಾಗಿಸಿ ಕಳೆ, ಎಕ್ಸ್‌ನ ಐದನೇ ಘಾತವನ್ನು 120ರಿಂದ ಭಾಗಿಸಿ ಕೂಡು, ಏಳನೆಯದನ್ನು 5040ರಿಂದ ಭಾಗಿಸಿ ಕಳೆ. ಮುಂದೆ ಮೂರು ಚುಕ್ಕೆ ಇಟ್ಟು ಕೈಯ ಸೀಮೆಸುಣ್ಣ ಕೊಡವಿಕೊಂಡೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, “ನಾಲ್ಕೇ ಟರ್ಮ್ ಯಾಕೆ ಸಾರ್?” ಎಂದಳು. “ಪೇಪರ್‌ನಲ್ಲಿ ನಾಲ್ಕು ಅಂತಲೇ ಕೇಳೋದು ಕಣಮ್ಮ” ಎಂದೆ. ಕ್ಲಾಸು ನಕ್ಕಿತು. ಅವಳು ಕೂತಳು. ಆ ಸೆಮಿಸ್ಟರ್ ಮುಗಿಯುವವರೆಗೆ ಮತ್ತೇನೂ ಕೇಳಲಿಲ್ಲ.

ನನ್ನ ಜಗಳ ಆ ಮೂರು ಚುಕ್ಕೆಗಳ ಜೊತೆ. ಪವರ್ ಸೀರೀಸ್ ಇರುವುದೇ ಅಂದಾಜಿಗೆ. ಕೈಯಲ್ಲಾಗಲಿ ಯಂತ್ರದಲ್ಲಾಗಲಿ ನಮಗೆ ಕೊನೆಗೂ ಬರುವುದು ಕೂಡು, ಕಳೆ, ಗುಣಿಸು, ಭಾಗಿಸು ಇಷ್ಟೇ. ಸೈನ್ ಈ ನಾಲ್ಕಕ್ಕೆ ನೇರವಾಗಿ ಬಗ್ಗುವುದಿಲ್ಲ. ಹಾಗಾಗಿ ಅದರ ಜಾಗದಲ್ಲಿ ಬಗ್ಗುವಂಥ ಒಂದು ಬಹುಪದವನ್ನು ಕೂರಿಸುತ್ತೇವೆ. ಬದಲಿಗೆ ಕೂತವನು ಎಷ್ಟು ತಪ್ಪುತ್ತಾನೆ, ಎಲ್ಲಿಯವರೆಗೆ ಅವನನ್ನು ನಂಬಬಹುದು? ಪಾಠ ಎಂದರೆ ಈ ಪ್ರಶ್ನೆ. ನಾವು ಅದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕಲಿಸುತ್ತೇವೆ.

ಸಿಲಬಸ್ಸಿನಲ್ಲಿ ಶೇಷಪದ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಲಗ್ರಾಂಜ್‌ನದೊಂದು ರೂಪ, ಕೋಶಿಯದೊಂದು ರೂಪ. ಎರಡನ್ನೂ ಹುಡುಗರು ಉರು ಹೊಡೆದು ಸಾಧನೆ ಸಮೇತ ಬರೆಯುತ್ತಾರೆ. ಆದರೆ ಅದರೊಳಗೆ ಒಂದೇ ಒಂದು ಸಂಖ್ಯೆ ಹಾಕಿ ನೋಡಿದವರನ್ನು ನಾನು ಕಂಡದ್ದು ಕಡಿಮೆ. ನಾನೂ ಹಾಕಿಸಿರಲಿಲ್ಲ.

ಮದುವೆಮನೆಯ ಅಡುಗೆಭಟ್ಟರನ್ನು ನೋಡಿ. ಐನೂರು ಜನಕ್ಕೆ ಅಕ್ಕಿ ಎಷ್ಟೆಂದರೆ ಅಂದಾಜಿನಲ್ಲೇ ಹೇಳುತ್ತಾರೆ. ಆದರೆ ಆ ಅಂದಾಜು ಎಷ್ಟು ಹೆಚ್ಚುಕಡಿಮೆ ಆಗಬಹುದು, ತಪ್ಪುವುದಾದರೆ ಯಾವ ಕಡೆಗೆ ತಪ್ಪಿದರೆ ಮಾನ ಉಳಿಯುತ್ತದೆ ಎಂಬುದೂ ಅವರಿಗೆ ಗೊತ್ತು. ಗಣಿತದ ಪದವೀಧರನಿಗೆ ಅಷ್ಟು ತಿಳಿಯದಿದ್ದರೆ ಅದು ಅಂದಾಜಲ್ಲ, ಬರೀ ಊಹೆ.

ಇನ್ನೊಂದು ಗುಂಪಿನ ಮೇಲೂ ನನಗೆ ಸಿಟ್ಟಿದೆ. ನ್ಯೂಟನ್, ಲೈಬ್ನಿಟ್ಸ್‌ಗಿಂತ ಮೊದಲೇ ಕೇರಳದ ಮಾಧವ ಇದನ್ನೆಲ್ಲ ಕಂಡುಹಿಡಿದಿದ್ದ ಎಂದು ಬೆಳಗಿನ ಶುಭೋದಯದ ಜೊತೆ ಕಳಿಸುವವರು. ಸುದ್ದಿ ನಿಜವೇ. 14ನೇ ಶತಮಾನದ ಸಂಗಮಗ್ರಾಮದ ಮಾಧವನ ಪರಂಪರೆಯವರಿಗೆ ಸೈನ್ ಸೀರೀಸೂ ಗೊತ್ತಿತ್ತು, 1 − 1/3 + 1/5 − 1/7 ಎಂದು ಹೋಗಿ ಪೈನ ಕಾಲು ಭಾಗಕ್ಕೆ ಮುಟ್ಟುವ ಸರಣಿಯೂ ಗೊತ್ತಿತ್ತು. ಆದರೆ ಹೆಮ್ಮೆ ಪಡುವವರು ನಿಂತುಬಿಡುವುದು ಅಲ್ಲಿಗೇ, ನಾನು ಚುಕ್ಕೆ ಇಟ್ಟ ಜಾಗಕ್ಕೇ. ಆ ಸರಣಿ ಮಹಾ ಸೋಮಾರಿ. ಹತ್ತು ಪದ ಕೂಡಿ ನಾಲ್ಕರಿಂದ ಗುಣಿಸಿದರೆ ಸಿಗುವುದು 3.0418. ಹತ್ತು ಭಾಗಾಕಾರ ಮಾಡಿಯೂ ಮೊದಲ ದಶಮಾಂಶ ಸ್ಥಾನವೇ ತಪ್ಪು!

ಮಾಧವನ ಕಡೆಯವರು ಅಲ್ಲಿ ಕೈ ಬಿಡಲಿಲ್ಲ. ಉಳಿದ ತಪ್ಪು ಎಷ್ಟಿರಬಹುದು ಎಂದು ಆ ತಪ್ಪನ್ನೇ ಅಳೆಯಲು ಹೊರಟರು. ಪದಗಳ ಸಂಖ್ಯೆಯನ್ನು, ಅದರ ವರ್ಗದ ನಾಲ್ಕರಷ್ಟಕ್ಕೆ ಒಂದು ಕೂಡಿಸಿ ಬಂದದ್ದರಿಂದ ಭಾಗಿಸಬೇಕು. ಹತ್ತು ಪದಕ್ಕೆ ಅದು 10/401. ಇದನ್ನು ತಿದ್ದುಪಡಿಯಾಗಿ ಸೇರಿಸಿ ನಾಲ್ಕರಿಂದ ಗುಣಿಸಿದರೆ 3.14159. ಅದೇ ಹತ್ತು ಪದ! ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ತಿದ್ದುಪಡಿಯನ್ನೂ ಅವರು ಕೊಟ್ಟಿದ್ದಾರೆ. ಜ್ಯೇಷ್ಠದೇವ 16ನೇ ಶತಮಾನದಲ್ಲಿ ಬರೆದ ‘ಯುಕ್ತಿಭಾಷಾ’ದಲ್ಲಿ ಇದಕ್ಕೆ ಕಾರಣ ಸಮೇತ ವಿವರಣೆ ಇದೆ, ಅದೂ ಸಂಸ್ಕೃತದಲ್ಲಲ್ಲ, ಮಲಯಾಳಂ ಗದ್ಯದಲ್ಲಿ. ತಪ್ಪಿಗೆ ಅವರಿಟ್ಟ ಹೆಸರು ‘ಸ್ಥೌಲ್ಯ’. (ನಾವು ‘ಸ್ಥೂಲವಾಗಿ ಹೇಳುವುದಾದರೆ’ ಎಂದು ಶುರುಮಾಡಿ ಏನು ಬೇಕಾದರೂ ಹೇಳುತ್ತೇವಲ್ಲ, ಅದೇ ಶಬ್ದದ ನೆಂಟ.) ಮಾಧವ ಮೊದಲಿಗನೋ ಅಲ್ಲವೋ ಎಂಬುದಕ್ಕಿಂತ ಅವನ ಕಡೆಯವರು ತಮ್ಮ ತಪ್ಪನ್ನು ಅಳೆದರು ಎಂಬುದು ನನಗೆ ದೊಡ್ಡದು. ಅವನ ಹೆಸರಲ್ಲಿ ಎದೆ ಉಬ್ಬಿಸುವವರು ಆ 10/401 ಅನ್ನು ಒಮ್ಮೆಯಾದರೂ ಕೂಡಿ ನೋಡಿದ್ದಾರೆಯೇ?

ಸಹೋದ್ಯೋಗಿಗಳು ಹೇಳುತ್ತಿದ್ದದ್ದು ಒಂದೇ: ಹಳ್ಳಿ ಮಕ್ಕಳು, ಪಿಯುಸಿವರೆಗೆ ಕನ್ನಡ ಮೀಡಿಯಂ, ಮೊದಲು ಸೂತ್ರ ಬರಲಿ, ಆಮೇಲೆ ಉಳಿದದ್ದು. ಆ ‘ಆಮೇಲೆ’ ನನ್ನ ವಿದ್ಯಾರ್ಥಿದೆಸೆಯಲ್ಲೂ ಬರಲಿಲ್ಲ, ನಾನು ಪಾಠ ಮಾಡಿದ ಕಾಲದಲ್ಲೂ ಬರಲಿಲ್ಲ. ತಪ್ಪನ್ನು ಅಳೆಯಲು ಇಂಗ್ಲಿಷ್ ಏಕೆ ಬೇಕು? ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಸೂತ್ರಕ್ಕೆ ಸಮಯವಿದ್ದು ಸಂಖ್ಯೆಗೆ ಸಮಯವಿಲ್ಲ ಎನ್ನುವುದು ನಮ್ಮ ಸೋಮಾರಿತನವನ್ನು ಮಕ್ಕಳ ತಲೆಗೆ ಕಟ್ಟುವ ಉಪಾಯ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ತಡವಾಗಿಯಾದರೂ ಉತ್ತರ ಹೇಳಿಬಿಡುತ್ತೇನೆ. 30 ಡಿಗ್ರಿ ಎಂದರೆ 0.5236 ರೇಡಿಯನ್. ಎರಡೇ ಪದ ಹಾಕಿದರೆ 0.49967 ಬರುತ್ತದೆ ಕಣಮ್ಮ. ಸರಿಯುತ್ತರ 0.5. ಬಿಟ್ಟ ಮೂರನೇ ಪದ 0.00033, ತಪ್ಪು ಅದಕ್ಕಿಂತ ಹೆಚ್ಚಾಗದು. ಮೂರು ಪದ ಹಾಕಿದರೆ 0.500002. ನಾಲ್ಕನೆಯದು ಅಲ್ಲಿ ದಂಡ. ಅದೇ ನಾಲ್ಕು ಪದಗಳನ್ನು 180 ಡಿಗ್ರಿಗೆ ಹಾಕು. ಸೊನ್ನೆ ಬರಬೇಕಾದಲ್ಲಿ −0.075 ಬರುತ್ತದೆ. ಅಲ್ಲಿ ನಾಲ್ಕು ಸಾಲದು.