ಗಡಸು ನೀರು, ಮೆದುಗೂದಲು

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿ ಪೂಜಿಸುವ ಪದ್ಧತಿ ಜಯನಗರದ ಹಳೆಯ ಮನೆಗಳಲ್ಲಿ ಇಂದಿಗೂ ಉಂಟು. ಅಂಥ ಒಂದು ಮನೆಯಲ್ಲಿ ಹಬ್ಬಕ್ಕೆ ಕೆಲವು ವಾರಗಳ ಮುಂಚೆಯೇ ಒಂದು ಚಿಂತೆ ತಲೆದೋರಿತ್ತು. ಕಾಲೇಜಿಗೆ ಹೋಗುವ ಮಗಳು ತಲೆ ಬಾಚಿದಾಗಲೆಲ್ಲ ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. "ಎಲ್ಲ ಬೋರ್‌ವೆಲ್ ನೀರಿನ ದೋಷ" ಎಂದರು ಅಜ್ಜಿ. ಖನಿಜಸ್ನಾನದಿಂದ ಕಾಂತಿ ಹೆಚ್ಚುವುದೆಂದು ಯಾರೋ ಹೇಳಿದುದನ್ನು ನಂಬಿ ತಾಯಿ ಎಪ್ಸಂ ಉಪ್ಪಿನ ಪೊಟ್ಟಣವನ್ನು ಕೊಂಡು ತಂದರು.

ಇಲ್ಲಿಯೇ ಒಂದು ವಿನೋದವಿದೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಎಪ್ಸಂ ಉಪ್ಪೆಂದರೆ ಮೆಗ್ನೀಸಿಯಂ ಸಲ್ಫೇಟ್. ಅದನ್ನು ಬೆರೆಸಿದರೆ ಗಡಸು ನೀರು ಇನ್ನಷ್ಟು ಗಡಸಾಗುವುದೇ ಹೊರತು ಮೆದುವಾಗದು. ಬೋರ್‌ವೆಲ್ ಇರುವ ಮನೆಯವರು ಹಣ ತೆರದೆಯೇ ದಿನವೂ ಖನಿಜಸ್ನಾನ ಮಾಡುತ್ತಿದ್ದಾರೆ!

ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟುವ ಬದಲು ಬಿಳಿಯ ಜಿಗುಟಾಗಿ ಒಡೆದು, ಕೂದಲಿಗೂ ಚರ್ಮಕ್ಕೂ ಅಂಟಿಕೊಳ್ಳುತ್ತದೆ, ಕೂದಲು ಒರಟಾಗುತ್ತದೆ. ಸೀಗೆಕಾಯಿಯ ನೊರೆ ಹಾಗೆ ಒಡೆಯುವುದಿಲ್ಲ. ಕಡಲೆಹಿಟ್ಟಿಗೂ ಆ ತೊಂದರೆಯಿಲ್ಲ. ಹಿರಿಯರ ಅಭ್ಯಂಜನದಲ್ಲಿ ಇವೆರಡಕ್ಕೂ ಸ್ಥಾನವಿದ್ದುದು ಎಷ್ಟು ಉಚಿತ! ನೀರನ್ನು ಕುದಿಸಿದರೆ ಗಡಸುತನದ ಒಂದು ಭಾಗ ಮಾತ್ರ ತಳಕ್ಕೆ ಕೂರುತ್ತದೆ. ಗೀಸರಿನೊಳಗೆ ಕಟ್ಟುವ ಬಿಳಿಯ ಹೊಪ್ಪಳಿಕೆ ಅದೇ. ಉಳಿದುದು ಕುದಿತಕ್ಕೆ ಬಗ್ಗದು.

ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು. ಬೇರೆ ನೀರು ದೊರೆಯದ ಕಡೆ 600ರವರೆಗೆ ಸೈರಿಸಬಹುದು. ಮಳೆಯ ನೀರು ಎಲ್ಲಕ್ಕಿಂತ ಮೃದು. ಜಯನಗರ 5ನೆಯ ಬ್ಲಾಕಿನಲ್ಲಿ ಜಲಮಂಡಲಿಯು ಮಳೆನೀರು ಕೊಯ್ಲಿಗೆಂದೇ ಒಂದು ಉದ್ಯಾನವನ್ನು ನಿರ್ಮಿಸಿದೆ. ತಾರಸಿಯ ಮೊದಲ ಮಳೆಯನ್ನು ಹರಿಯಬಿಟ್ಟು, ಅನಂತರದ ನೀರನ್ನು ಸೋಸಿ ಮುಚ್ಚಿಟ್ಟರೆ ತಲೆಗೆ ಕೊನೆಯ ಎರಡು ಚೊಂಬು ಹಾಕಿಕೊಳ್ಳಲು ಸಾಕು.

ಆದರೆ ಎಲ್ಲ ಅಪರಾಧವನ್ನೂ ನೀರಿನ ಮೇಲೆ ಹೊರಿಸುವುದು ತರವಲ್ಲ. 2011ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ ಇಸುಬಿನಿಂದ ಬಳಲುತ್ತಿದ್ದ 336 ಮಕ್ಕಳನ್ನು ಪರೀಕ್ಷಿಸಲಾಯಿತು. ಮನೆಯ ನೀರನ್ನು ಯಂತ್ರದಿಂದ ಮೆದುಗೊಳಿಸಿದುದರಿಂದ ಅವರ ಇಸುಬಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಕೂದಲಿನ ವಿಷಯವೂ ಅಷ್ಟೆ. ನಡುವೆ ತುಂಡಾಗುವ ಕೂದಲು ಬೇರೆ, ಬುಡಸಹಿತ ಉದುರುವ ಕೂದಲು ಬೇರೆ. ಎರಡನೆಯದಕ್ಕೆ ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯ್ಡ್ ದೋಷ, ಕೆಲವು ತಿಂಗಳ ಹಿಂದೆ ಬಂದ ತೀವ್ರ ಜ್ವರ, ಬಾಣಂತನ ಮುಂತಾದ ಒಳಗಿನ ಕಾರಣಗಳಿರಬಹುದು. ಅವನ್ನು ಬಚ್ಚಲುಮನೆಯಲ್ಲಿ ಹುಡುಕಿದರೆ ಸಿಕ್ಕಾವೆ?

ಆ ಮನೆಯ ಹುಡುಗಿಗೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಅದನ್ನು ಮೊದಲು ಗಮನಿಸಿದವರು ಅಜ್ಜಿಯೇ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಕಬ್ಬಿಣದ ಅಂಶ ತೀರ ಕಡಿಮೆಯಿತ್ತು. ಔಷಧ ಆರಂಭವಾಯಿತು. ಜೊತೆಗೆ ಅವಳು ಬಿಟ್ಟುಬಿಟ್ಟಿದ್ದ ಬೆಳಗಿನ ತಿಂಡಿಯೂ ಸೊಪ್ಪಿನ ಹುಳಿಯೂ ಮರಳಿ ಬಂದವು.

ಹಬ್ಬದ ನಸುಕಿನಲ್ಲಿ ಅಜ್ಜಿ ಮೊಮ್ಮಗಳ ನೆತ್ತಿಗೆ ಎಣ್ಣೆಯೊತ್ತಿ, ಸೀಗೆಪುಡಿ ಹಚ್ಚಿ, ಕೂಡಿಟ್ಟ ಮಳೆಯ ನೀರನ್ನು ಹದವಾಗಿ ಕಾಯಿಸಿ ಎರೆದರು. ಎಪ್ಸಂ ಉಪ್ಪು ಮಾತ್ರ ತಾರಸಿಯ ಗುಲಾಬಿ ಕುಂಡಗಳ ಪಾಲಾಯಿತು. ಎಲೆಗಳ ಹಸಿರಿಗೆ ಮೆಗ್ನೀಸಿಯಂ ಬೇಕೇ ಬೇಕಷ್ಟೆ!